ಬರಿಹೊಟ್ಟೆಯಲ್ಲಿ ಮಲಗಿದ ಗರಗಸ

ಹೋದ ವಾರ ಪಕ್ಕದ ಮನೆಯ ಅತ್ತೆ ಕರೆದು ಒಂದು ಗೋಣಿಚೀಲವನ್ನು ನನ್ನ ಮುಂದೆ ಇಟ್ಟರು. ಬಾಯಿಗೆ ಕಟ್ಟಿದ್ದ ಹುರಿ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಮರದ ಹುಡಿ ಮತ್ತು ಚೈನಿಗೆ ಬಿಡುವ ಎಣ್ಣೆಯ ವಾಸನೆ. ಒಳಗೆ ಮಾವನ ಮರ ಕುಯ್ಯುವ ಮಿಷನ್ನು ಇತ್ತು. ಅದರ ಪಕ್ಕದಲ್ಲಿ ಹಳೇ ಬನಿಯನ್ನಿನಲ್ಲಿ ಸುತ್ತಿದ ಒಂದು ಗಾಜಿನ ಬಾಟಲಿ. ಬಾಟಲಿಯ ತಳದಿಂದ ಎರಡು ಬೆರಳು ಮೇಲಕ್ಕೆ ಅರದಲ್ಲಿ ಗೀರಿದ ಒಂದು ಗೆರೆ. ನನ್ನ ಕೈ ಮಿಷನ್ನನ್ನು ಬಿಟ್ಟು ಮೊದಲು ಹೋದದ್ದು ಆ ಬಾಟಲಿಗೇ.

"ರಾಗಿ ಮೂಟೆ ಮಡಗಕ್ಕೆ ಜಾಗ ಇಲ್ಲ ಕಣಪ್ಪ," ಅಂದರು ಅತ್ತೆ. "ಎರಡು ವರ್ಷದಿಂದ ಇದು ಅಂಗೇ ಬಿದ್ದದೆ. ಸೋಮವಾರ ಗುಜರಿಯವ್ನು ಬತ್ತಾನೆ. ಅಷ್ಟರೊಳಗೆ ಜೀವ ಬಂದ್ರೆ ನೀನೇ ಮಡಿಕೊ. ಬರ್ನಿಲ್ಲ ಅಂದ್ರೆ ಅವ್ನಿಗೆ ಹಾಕ್ಬುಡ್ತೀನಿ."

ಎರಡು ವರ್ಷ ಯಾರೂ ಮುಟ್ಟದ ಮಿಷನ್ನು. ನಮ್ಮೂರಲ್ಲಿ ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಮಿಷನ್ನು ಆರೇ ತಿಂಗಳು ಮೂಲೆಯಲ್ಲಿ ಕೂತರೆ ಮತ್ತೆ ಎದ್ದ ಉದಾಹರಣೆ ಕಡಿಮೆ. ಅಲ್ಲೇ ಹಗ್ಗ ಎಳೆದು ನೋಡುವ ಧೈರ್ಯ ನನಗೆ ಬರಲಿಲ್ಲ. ಚೀಲ ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟು, ಬಾಟಲಿ ಹಿಡಿದುಕೊಂಡು ಸುಮ್ಮನೆ ಕೂತೆ...

ಮಾವ ಅಂದರೆ ರಕ್ತಸಂಬಂಧದ ಮಾವ ಅಲ್ಲ. ಹನಗೋಡಿನ ಕಡೆಯ ನಮ್ಮ ಊರಿನಲ್ಲಿ ಅವರದೂ ನಮ್ಮದೂ ಒಂದೇ ಗೋಡೆ. ಅವರು ನನ್ನನ್ನು ಅಳಿಯ ಅನ್ನುತ್ತಿದ್ದರು, ನಾನು ಮಾವ ಅನ್ನುತ್ತಿದ್ದೆ, ಅಷ್ಟೆ. ವಯಸ್ಸಿನಲ್ಲಿ ಕೊಡಗಿನ ಕಾಫಿ ತೋಟಗಳಲ್ಲಿ ಮರಗಸಿ ಮಾಡಿದವರು. ಕಾಫಿಗಿಡಕ್ಕೆ ಬೇಕಾದಷ್ಟು ಬಿಸಿಲು ಇಳಿಯಲೆಂದು ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಅದು. ಅದನ್ನು ಬಿಟ್ಟು ಊರಿಗೆ ಬಂದಾಗ ಜೊತೆಗೆ ಒಂದು ಮಿಷನ್ನು ತಂದರು, ಅದನ್ನು ಸಾಕುವ ಕ್ರಮವನ್ನೂ ತಂದರು. ಸಾಕುವುದು ಅಂತ ಬೇಕೆಂದೇ ಬರೆದೆ. ಮನೆಯ ಎಮ್ಮೆಗೂ ಅಷ್ಟು ಉಪಚಾರ ಇರಲಿಲ್ಲ.

ಕೆಲಸ ಮುಗಿಸಿ ಬಂದ ಮೇಲೆ ಅವರು ಎಂದೂ ಸ್ವಿಚ್ಚು ಆರಿಸಿ ಮಿಷನ್ನನ್ನು ಒಳಗಿಟ್ಟವರಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಬಗ್ಗಿಸಿ ತೆಗೆದು, ಅಂಗಳದ ಕಲ್ಲಿನ ಮೇಲಿಟ್ಟು ಮತ್ತೆ ಚಾಲೂ ಮಾಡುತ್ತಿದ್ದರು. ಒಳಗಿನ ಕೊನೆಯ ಹನಿ ತೀರಿ, ಅದು ಕೆಮ್ಮಿ, ತಾನಾಗೇ ನಿಲ್ಲಬೇಕು. ಅಲ್ಲಿಯವರೆಗೂ ಎಲೆ ಅಡಿಕೆ ಹಾಕಿಕೊಂಡು ನಿಂತಿರುತ್ತಿದ್ದರು. ಗೋಡೆಯ ಈಚೆ ನಮಗೆ ಟಿವಿಯಲ್ಲಿ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಆರಿಸಬಾರದೇ ಮಾವ ಅಂತ ನಾನು ಕೂಗಿದರೆ, "ಹೊಟ್ಟೆ ಬಿರಿಯ ಉಂಡು ಮಲಗಿದ್ರೆ ಮನುಸಂಗೇ ಅರಗಲ್ಲ, ಇದ್ಕೆ ಅರಗ್ತದೇನ್ಲಾ?" ಅನ್ನುತ್ತಿದ್ದರು.

ಇದಾದರೂ ತಡೆದುಕೊಳ್ಳಬಹುದಿತ್ತು. ಪೆಟ್ರೋಲಿನ ವಿಷಯಕ್ಕೆ ಬಂದರೆ ಅವರದು ಅತಿಯಾಯಿತು ಅನ್ನುವುದು ಊರಿನ ತೀರ್ಮಾನ. ಬಂಕಿನ ಪೆಟ್ರೋಲಿಗೆ ಈಗ ಎಥನಾಲ್ ಬೆರೆಸುತ್ತಾರಲ್ಲ, ಕಬ್ಬಿನಿಂದ ತೆಗೆಯುವ ಸ್ಪಿರಿಟ್ಟು, ಅದು ಅವರಿಗೆ ಆಗುತ್ತಿರಲಿಲ್ಲ. ಒಂದು ಸಲ ಅವರ ಮಿಷನ್ನಿನ ಕಾರ್ಬೊರೇಟರಿನೊಳಗಿನ ತೆಳ್ಳನೆಯ ರಬ್ಬರ್ ಪರದೆ ಒಣಗಿದ ಚರ್ಮದ ಹಾಗೆ ಸೆಟೆದು ಹೋಗಿತ್ತಂತೆ. ಅಂದಿನಿಂದ ಎಥನಾಲ್ ಇಲ್ಲದ ಪೆಟ್ರೋಲನ್ನೇ ಹುಡುಕಿಕೊಂಡು ಹೊರಟರು. ಕೊನೆಗೆ ಮೈಸೂರಿನ ಒಂದು ಬಂಕಿನಲ್ಲಿ, ದೊಡ್ಡ ಕಾರಿನವರು ಹಾಕಿಸುವ ಪೆಟ್ರೋಲಿನಲ್ಲಿ ಅದು ಇಲ್ಲ ಅಂತ ಪತ್ತೆಮಾಡಿದರು. ಆದರೆ ಆ ಬಂಕಿನವರು ಕ್ಯಾನಿಗೆ ಹಾಕುವುದಿಲ್ಲ. ಅದಕ್ಕೆ ಮಾವ ತಮ್ಮ ಬೈಕಿನ ಟ್ಯಾಂಕನ್ನು ಹೆಚ್ಚೂಕಡಿಮೆ ಬರಿದು ಮಾಡಿಕೊಂಡು ಮೈಸೂರಿಗೆ ಹೋಗಿ, ಅಲ್ಲಿ ತುಂಬಿಸಿಕೊಂಡು ಬಂದು, ಮನೆಯಲ್ಲಿ ಪೈಪು ಹಾಕಿ ಸ್ಟೀಲ್ ಕ್ಯಾನಿಗೆ ಇಳಿಸುತ್ತಿದ್ದರು. ಒಂದು ಸಲ ಹೋಗುವಾಗ ಲೆಕ್ಕ ತಪ್ಪಿ, ಮೈಸೂರಿಗೆ ಮೊದಲೇ ಸಿಗುವ ಇಲವಾಲದ ಹತ್ತಿರ ಬೈಕು ನಿಂತು, ಉರಿಬಿಸಿಲಿನಲ್ಲಿ ನೂಕಿಕೊಂಡು ಹೋಗುತ್ತಿದ್ದುದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಆವತ್ತು ಸಂಜೆಯೇ ಅವರಿಗೆ ಹೆಸರಿಟ್ಟೆ. ಅವರ ಪೆಟ್ರೋಲಿಗೂ ಮಡಿ, ಅದಕ್ಕೇ ಅವರು ಮಡಿಮಾವ. ಟೀ ಅಂಗಡಿಯಲ್ಲಿ ಹೇಳಿದ ಮಾತು ಊರೆಲ್ಲ ಹಬ್ಬಲು ಎಷ್ಟು ಹೊತ್ತು ಬೇಕು?

ಅದೇ ವರ್ಷ ನಾನೂ ಒಂದು ಹೊಸ ಮಿಷನ್ನು ಕೊಂಡೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ, ಅಂದರೆ ಒಲೆಯ ಬಿಸಿಯನ್ನು ಕೊಳವೆಗಳಲ್ಲಿ ಹಾಯಿಸಿ ಎಲೆ ಒಣಗಿಸುವ ಮನೆಗೆ, ಸೌದೆ ತುಂಡು ಮಾಡಲು ಬೇಕಿತ್ತು. ಬೇಸಿಗೆಯಲ್ಲಿ ಸೌದೆ ಒಟ್ಟಿ, ಪೆಟ್ರೋಲು ತುಂಬಿದ ಹಾಗೇ ಅದನ್ನು ಬ್ಯಾರನ್ನಿನ ಚಾವಡಿಯಲ್ಲಿ ಇಟ್ಟೆ. ಎಣ್ಣೆ ಬೆರೆಸಿದ ಪೆಟ್ರೋಲಿನ ಪ್ಲಾಸ್ಟಿಕ್ ಕ್ಯಾನೂ ಅಲ್ಲೇ. ಅದು ಅರ್ಧವಾದಾಗಲೆಲ್ಲ ಹಳೆಯದರ ಮೇಲೇ ಹೊಸದು ಸುರಿಯುತ್ತಿದ್ದೆ. ನಮ್ಮ ಮನೆಗಳಲ್ಲಿ ಮೊಸರಿನಿಂದ ಹಿಡಿದು ಉಪ್ಪಿನಕಾಯಿವರೆಗೆ ಉಳಿದದ್ದರ ಮೇಲೆ ಹೊಸದು ಹಾಕಿಯೇ ಅಭ್ಯಾಸ.

ನಾಲ್ಕು ವರ್ಷದ ಹಿಂದಿನ ಆಷಾಢ. ಬೆಳಗಿನ ಗಾಳಿಗೆ ಬ್ಯಾರನ್ನಿನ ಪಕ್ಕದ ನೀಲಗಿರಿ ಮರ ಬುಡಸಮೇತ ಎದ್ದು, ಪೂರ್ತಿ ಬೀಳದೆ, ಚಾವಣಿಯ ಅಂಚಿಗೆ ಒರಗಿ ನಿಂತಿತು. ಒಳಗೆ ಸೊಪ್ಪು ತುಂಬಿ ಮೂರನೇ ದಿನ, ಎಲೆಗೆ ಆಗತಾನೇ ಬಣ್ಣ ಬರುತ್ತಿತ್ತು. ಉರಿ ತೆಗೆದರೆ ಸೊಪ್ಪು ಕಪ್ಪಾಗಿ ಇಡೀ ಬ್ಯಾರನ್ನು ತಿಪ್ಪೆಗೆ. ತೆಗೆಯದಿದ್ದಾಗ ಮರ ಒಳಕ್ಕೆ ಕುಸಿದರೆ, ಒಣಗುತ್ತಿರುವ ಎಲೆ ಕಾದ ಕೊಳವೆಗಳ ಮೇಲೆ ಬಿದ್ದು ಬ್ಯಾರನ್ನೇ ಹತ್ತಿಕೊಳ್ಳುತ್ತದೆ. ಒಂದೊಂದು ಗಾಳಿಗೂ ನಾಲ್ಕು ಹೆಂಚು ಉದುರುತ್ತಿದ್ದವು. ನನ್ನ ಹೆಂಡತಿ ಒಲೆಯ ಬಾಯಿಯ ಹತ್ತಿರ ನಿಂತು, "ಉರಿ ತೆಗೀಲೋ ಬ್ಯಾಡ್ವೋ, ಅದೊಂದ್ ಹೇಳಿ," ಅಂದಳು. ನಾನು ಮಿಷನ್ನು ತರಲು ಚಾವಡಿಗೆ ಓಡಿದೆ.

ಹೊಸ ಮಿಷನ್ನಿನ ಹಗ್ಗ ಎಳೆದೆ. ಎಳೆದೇ ಎಳೆದೆ. ರಟ್ಟೆ ಬಿದ್ದುಹೋಯಿತು, ಅದು ಕಿಮಕ್ ಅನ್ನಲಿಲ್ಲ. ಗುರುಪುರದ ಕಡೆಯ ಸೌದೆ ವ್ಯಾಪಾರಿಗೆ ಫೋನು ಮಾಡಿದೆ. ಪುಣ್ಯಾತ್ಮ ಟ್ರ್ಯಾಕ್ಟರಿನಲ್ಲಿ ತನ್ನ ಮಿಷನ್ನು ಹಾಕಿಕೊಂಡು ಓಡಿ ಬಂದ. ಅದರಲ್ಲಿ ಪೆಟ್ರೋಲು ಇರಲಿಲ್ಲ, ನನ್ನ ಕ್ಯಾನಿನಿಂದಲೇ ಸುರಿದೆವು. ಹತ್ತಿಕೊಂಡಿತು. ನಾವು ಉಸಿರು ಬಿಡುವಷ್ಟರಲ್ಲಿ ಎರಡು ಸಲ ಗುಟುಕರಿಸಿ ಅದೂ ನಿಂತಿತು.

ಗೋಡೆಯ ಆಚೆಯ ಮನೆಗೆ ಮಾತ್ರ ನಾನು ಹೇಳಿ ಕಳಿಸಿರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿಟ್ಟವನು ಯಾವ ಮುಖ ಹೊತ್ತು ಕರೆಯುವುದು?

ಮಾವ ಕರೆಯದೇ ಬಂದರು. ಒಂದು ಕೈಯಲ್ಲಿ ಮಿಷನ್ನು, ಇನ್ನೊಂದರಲ್ಲಿ ಸ್ಟೀಲ್ ಕ್ಯಾನು, ಹೆಗಲಲ್ಲಿ ಟವೆಲ್ಲು. ಅಷ್ಟು ಹೊತ್ತೂ ನಾವು ಹಗ್ಗ ಎಳೆಯುವ ಸದ್ದನ್ನು ಕೇಳಿಸಿಕೊಂಡಿದ್ದರು. ಮರದ ಸುತ್ತ ಒಂದು ಸಲ ಬಂದು, ಮೇಲೆ ಹಗ್ಗ ಬಿಗಿಸಿ, ಟ್ರ್ಯಾಕ್ಟರನ್ನು ಹೊಲದ ಕಡೆಗೆ ದೂರ ನಿಲ್ಲಿಸಿ ಎಳೆಯಲು ಹೇಳಿದರು. ಆಮೇಲೆ ಮಿಷನ್ನನ್ನು ನೆಲಕ್ಕಿಟ್ಟು, ಕಾಲಲ್ಲಿ ಮೆಟ್ಟಿ ಹಗ್ಗ ಎಳೆದರು. ಒಂದು... ಎರಡು... ಮೂರನೆಯದಕ್ಕೆ ಅದು ಗರ್ಜಿಸಿದ ಸದ್ದು ಇವತ್ತಿಗೂ ನನ್ನ ಎದೆಯಲ್ಲಿದೆ.

ಹೊಲದ ಕಡೆಗೆ ಒಂದು ಕಚ್ಚು ಹಾಕಿ, ಹಿಂದಿನಿಂದ ಕುಯ್ಯುತ್ತಾ ಬಂದರು. ಆ ಹೊತ್ತಿಗೆ ಅರವತ್ತು ದಾಟಿದ್ದವರು, ಕೈ ಒಂದಿಷ್ಟೂ ಅಲುಗಲಿಲ್ಲ. ಮಿಷನ್ನೂ ಒಂದು ಸಲವೂ ತಡವರಿಸಲಿಲ್ಲ. ಮರ ಲಟಲಟ ಅಂದು, ಚಾವಣಿಯಿಂದ ಕಳಚಿಕೊಂಡು, ಹೊಲದ ಕಡೆಗೆ ಬಿತ್ತು. ನೆಲ ಅದುರಿತು. ಹೋದದ್ದು ಒಂದು ಸಾಲು ಗಿಡ, ಒಂದಷ್ಟು ಹೆಂಚು. ಬ್ಯಾರನ್ನು ಉಳಿಯಿತು, ಸೊಪ್ಪು ಉಳಿಯಿತು. ಹೆಂಡತಿ ಒಲೆಗೆ ಎರಡು ಕೊರಡು ನೂಕಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸೌದೆ ವ್ಯಾಪಾರಿ ಟ್ರ್ಯಾಕ್ಟರಿನ ಮೇಲೇ ನಿಂತು ಶಿಳ್ಳೆ ಹಾಕಿದ.

ಮಾವ ಆಗಲೂ ಬರೀ ಸ್ವಿಚ್ಚು ಆರಿಸಿ ಬಿಡಲಿಲ್ಲ. ಟ್ಯಾಂಕು ಬಗ್ಗಿಸಿ, ಮಿಷನ್ನನ್ನು ಒಂದು ಕಲ್ಲಿನ ಮೇಲಿಟ್ಟು ಮತ್ತೆ ಚಾಲೂ ಮಾಡಿದರು. ವರ್ಷಗಟ್ಟಲೆ ಆ ಸದ್ದಿಗೆ ಗೊಣಗಿದ್ದ ನಾನು, ಅದು ತಾನಾಗೇ ನಿಲ್ಲುವವರೆಗೆ ಬಾಯಿ ಮುಚ್ಚಿಕೊಂಡು ನಿಂತೆ.

ಅದು ನಿಂತ ಮೇಲೆ ಅವರು ಟವೆಲ್ಲಿನ ಗಂಟಿನಿಂದ ಬಾಟಲಿ ತೆಗೆದರು, ಈಗ ನನ್ನ ಕೈಯಲ್ಲಿರುವ ಇದೇ ಬಾಟಲಿ. ಗೆರೆಯವರೆಗೆ ನೀರು, ಅದರ ಮೇಲೆ ಕತ್ತಿನವರೆಗೆ ನನ್ನ ಕ್ಯಾನಿನ ಪೆಟ್ರೋಲು. ಬಿರಡೆ ಹಾಕಿ ಕುಲುಕಿ, ಕಟ್ಟೆಯ ಮೇಲಿಟ್ಟರು. ಬೇರೆಯಾಗಿ ನಿಂತಾಗ, ಪೆಟ್ರೋಲಿನಲ್ಲಿದ್ದ ಸ್ಪಿರಿಟ್ಟು ಕೆಳಗಿಳಿದು ಸೇರಿಕೊಂಡು, ನೀರು ಗೆರೆ ದಾಟಿ ಒಂದು ಬೆರಳು ಮೇಲಕ್ಕೆ ಏರಿತ್ತು. ಅದನ್ನು ಚೆಲ್ಲಿ, ತಮ್ಮ ಪೆಟ್ರೋಲಿನಲ್ಲಿ ಮಾಡಿ ತೋರಿಸಿದರು. ನೀರು ಗೆರೆಯಲ್ಲೇ ನಿಂತಿತು, ಕೂದಲೆಳೆಯಷ್ಟೂ ಏರಲಿಲ್ಲ.

"ನಿನ್ ಪೆಟ್ರೋಲು ಕುಡುಕ ಕಣ್ಲಾ ಅಳಿಯ," ಅಂದರು. "ಒಳಗಿರೋ ಸ್ಪಿರಿಟ್ಟು ನೀರು ಕಂಡ್ ಕಡೆ ಬಾಯಿ ಹಾಕ್ತದೆ. ಮಳೆಗಾಲ, ಬ್ಯಾರನ್ ಆವಿ, ಮುಚ್ಚಳ ಬ್ಯಾರೆ ಸಡ್ಲ. ಕುಡಿದೂ ಕುಡಿದೂ ತಳದಲ್ಲಿ ಮಲಿಕ್ಕಂಡದೆ. ಅದ್ರ ಮ್ಯಾಲೆ ಒಸದು ಸುರೀತೀಯಲ್ಲ, ಇದೇನ್ ಮೊಸರಾ, ಹೆಪ್ಪಾಕಕ್ಕೆ?"

ಬಂಕಿನವರನ್ನು ಅವರು ಬೈಯಲಿಲ್ಲ. ದಿನಾ ಓಡುವ ಬೈಕಿಗೆ ಆ ಪೆಟ್ರೋಲೇ ಸಾಕು, ಅದು ಟ್ಯಾಂಕಿನಲ್ಲಿ ಕೊಳೆಯುವಷ್ಟು ದಿನ ನಿಲ್ಲುವುದೇ ಇಲ್ಲ, ತೊಂದರೆಯೆಲ್ಲ ತಿಂಗಳುಗಟ್ಟಲೆ ಮಲಗುವ ಮಿಷನ್ನುಗಳಿಗೆ ಅಂದರು. ಅವಕ್ಕೆ ಮೈಸೂರಿನದು ಸಿಕ್ಕರೆ ಮೇಲು. ಸಿಗದಿದ್ದರೆ ಆ ವಾರಕ್ಕೆ ಬೇಕಾದಷ್ಟೇ ತಂದು, ಬೆರೆಸಿ, ಉಳಿದದ್ದನ್ನು ಬೈಕಿಗೆ ಹಾಕಿಬಿಡಬೇಕು. ಇನ್ನು ಎಣ್ಣೆ ಬೆರೆಸಿಯೇ ಸೀಲ್ ಮಾಡಿದ ಡಬ್ಬಿ ಬರುತ್ತದೆ, ಎಥನಾಲ್ ಇಲ್ಲದ್ದು. ಕೊಡಗಿನ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಕೊಟ್ಟಿದ್ದನ್ನು ಇದೇ ಬಾಟಲಿಯಲ್ಲಿ ಪರೀಕ್ಷೆ ಮಾಡಿದ್ದರಂತೆ. "ಒಳ್ಳೆ ಮನೆತನದ್ದು," ಅಂತ ಮೆಚ್ಚಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನಂತ ಸೋಮಾರಿಗೆ ಡಬ್ಬಿನೇ ಸರಿ ಬುಡು," ಅಂದರು. ಆಮೇಲೆ ಬಾಟಲಿಯನ್ನು ಟವೆಲ್ಲಿಗೆ ಸುತ್ತುತ್ತಾ ಮೆಲ್ಲಗೆ ಕೇಳಿದರು. "ಮಡಿ ಕೆಟ್ರೆ ಏನಾಯ್ತದೆ ಅಂತ ಗೊತ್ತಾಯ್ತಾ?"

ಹೆಸರಿಟ್ಟವನು ಯಾರು ಅಂತ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ತಲೆ ತಗ್ಗಿಸಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ...

ಅಂದಿನಿಂದ ಮಡಿಮಾವ ಅನ್ನುವ ಹೆಸರು ಊರಿನಲ್ಲಿ ಬಿರುದಾಯಿತು. ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದಿದ್ದ ಮಲಯಾಳಿಗಳು ಕೂಡ ಪಂಪು ಹೊತ್ತುಕೊಂಡು ಬಂದು ಅವರ ಜಗಲಿಯಲ್ಲಿ ಕೂರುತ್ತಿದ್ದರು. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು, ಗೆರೆ ನೋಡಿ ತೀರ್ಪು ಹೇಳುತ್ತಿದ್ದರು. ಬಂಕಿನ ಬೋರ್ಡು ನೋಡಬೇಡಿ, ಬಾಟಲಿ ನೋಡಿ, ಅಷ್ಟೇ ಅವರ ಉಪದೇಶ. ನಾನು ಪಕ್ಕದಲ್ಲಿ ಕೂತು, ಹೆಸರಿಟ್ಟದ್ದೇ ದೊಡ್ಡ ಸಾಧನೆ ಅನ್ನುವ ಹಾಗೆ ಬೀಗುತ್ತಿದ್ದೆ. ಆದರೆ ನನ್ನ ಬ್ಯಾರನ್ನು ಉಳಿಸಿದಿರಿ ಮಾವ ಅನ್ನುವ ಒಂದು ಮಾತನ್ನು ನೇರವಾಗಿ ಅವರಿಗೆ ಹೇಳಲಿಲ್ಲ. ಹೇಳಿದರಾಯಿತು, ಗೋಡೆಯ ಆಚೆ ತಾನೇ ಇದ್ದಾರೆ ಅಂದುಕೊಂಡೆ. ಎರಡು ವರ್ಷದ ಹಿಂದೆ, ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟರು.

ಚೀಲ ತಂದ ಮರುದಿನ ನಾನು ಬೈಕಿನ ಟ್ಯಾಂಕು ಬರಿದು ಮಾಡಿಕೊಂಡು ಮೈಸೂರಿಗೆ ಹೊರಟೆ. ಇಲವಾಲ ದಾಟುವ ಮೊದಲೇ ಬೈಕು ನಿಂತಿತು. ನೂಕಿದೆ. ಹೋಗುವ ಬಸ್ಸುಗಳ ಕಿಟಕಿಯಲ್ಲಿ ಯಾರಿದ್ದಾರೋ, ಏನು ಹೆಸರಿಡುತ್ತಾರೋ, ಇಡಲಿ ಅಂತ ನಗುನಗುತ್ತಲೇ ನೂಕಿದೆ. ತಂದ ಪೆಟ್ರೋಲನ್ನು ಬಾಟಲಿಯಲ್ಲಿ ನೋಡಿದೆ. ನೀರು ಗೆರೆಯಲ್ಲೇ ನಿಂತಿತು.

ಭಾನುವಾರ ಮಿಷನ್ನಿನ ಟ್ಯಾಂಕಿನ ಮುಚ್ಚಳ ತೆಗೆದು, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದೆ. ಒಂದು ಹನಿ ಇಲ್ಲ, ಒಂದು ಕಲೆ ಇಲ್ಲ. ಕೊನೆಯ ಸಲವೂ ಅದನ್ನು ಬರಿಹೊಟ್ಟೆಯಲ್ಲೇ ಮಲಗಿಸಿ ಹೋಗಿದ್ದರು. ಎಣ್ಣೆ ಬೆರೆಸಿ, ಸ್ವಲ್ಪವೇ ಹಾಕಿ, ಅತ್ತೆಯ ಅಂಗಳದ ಅದೇ ಕಲ್ಲಿನ ಪಕ್ಕ ಕಾಲಲ್ಲಿ ಮೆಟ್ಟಿ ಹಗ್ಗ ಎಳೆದೆ. ಒಂದು, ಏನಿಲ್ಲ. ಎರಡು, ಏನಿಲ್ಲ. ಮೂರನೆಯದಕ್ಕೆ ಕೆಮ್ಮಿತು. ನಾಲ್ಕನೆಯದಕ್ಕೆ ಎದ್ದು ಕೂಗಿತು. ಗೆದ್ದಿರಿ ಮಾವ ಅಂತ ನಾನು ಗಟ್ಟಿಯಾಗಿಯೇ ಅಂದೆ, ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ರಾಗಿ ಕೇರುತ್ತಿದ್ದ ಅತ್ತೆ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವರಿಗೆ ಏನಾದರೂ ಹೇಳೋಣ ಅಂತ ನಾನು ಸ್ವಿಚ್ಚಿಗೆ ಕೈ ಹಾಕಿದೆ. ಅತ್ತೆ ಬೇಡ ಅಂತ ಕೈ ಆಡಿಸಿ, ಹತ್ತಿರ ಬಂದು ನನ್ನ ಕಿವಿಗೆ ಕೇಳುವಂತೆ ಕೂಗಿದರು. "ಆರಿಸ್ಬ್ಯಾಡ ಕಣಪ್ಪ. ಅದೇ ನಿಲ್ಲಲಿ."

ಕಲ್ಲಿನ ಮೇಲಿಟ್ಟೆ. ಇಬ್ಬರೂ ಜಗಲಿಯ ಮೇಲೆ ಕೂತು ಕೇಳಿದೆವು. ಬಹಳ ಹೊತ್ತು ಓಡಿತು. ಆಮೇಲೆ ದನಿ ಏರಿ, ಎರಡು ಸಲ ಕೆಮ್ಮಿ, ನಿಂತಿತು. ಆ ಸದ್ದು ನಿಂತ ಮೇಲೆಯೇ ಮಾವ ಇಲ್ಲ ಅನ್ನುವುದು ನನಗೆ ಪೂರ್ತಿಯಾಗಿ ತಟ್ಟಿದ್ದು. ಅತ್ತೆ ಮೊರದಲ್ಲಿದ್ದ ರಾಗಿಯನ್ನೇ ನೋಡುತ್ತಾ ಕೂತಿದ್ದರು.

"ಮಿಷನ್ನು ಇಲ್ಲೇ ಇರ್ಲಿ ಬುಡು," ಅಂದರು ಕೊನೆಗೆ. "ರಾಗಿ ಮೂಟೆ ನಿಮ್ಮನೇಲಿ ಮಡಿಕೊ."

ಇದನ್ನು ಬರೆಯುವಾಗ ನಾಲ್ಕು ಮೂಟೆ ರಾಗಿ ನನ್ನ ಬೆನ್ನ ಹಿಂದೆ ಇದೆ. ಕಾಲು ಚಾಚಲು ಜಾಗ ಇಲ್ಲ.