ಗುಡುಗಿಗೆ ಅಂಜುವ ಅಕ್ಕೋರು

ನನಗೆ ಗುಡುಗೆಂದರೆ ಜೀವಭಯ. ಅಂಥವಳ ಪಾಲಿಗೇ ಗುಡುಗು-ಮಿಂಚಿನ ಪಾಠ ಬಂತು. ಅದು ಇಂಗ್ಲಿಷರ ಕಾಲ. ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಗೆಲ್ಲ ನಾನೊಬ್ಬಳೇ ‘ಅಕ್ಕೋರು’. ಪಾಠವನ್ನು ಬೇರೆಯವರಿಗೆ ದಾಟಿಸೋಣವೆಂದರೆ ಬೇರೆಯವರೇ ಇರಲಿಲ್ಲ.

ಯುಗಾದಿ ಕಳೆದ ಮೇಲೆ, ಆಕಾಶ ಶುಭ್ರವಾಗಿದ್ದ ದಿನ ನೋಡಿಯೇ ಶುರುಮಾಡಿದೆ. ಕಾದ ನೆಲದಿಂದ ಬಿಸಿಗಾಳಿ ನೀರಿನ ಆವಿ ಹೊತ್ತು ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಮೋಡದ ನೆತ್ತಿಯಲ್ಲಿ ನೀರು ಹೆಪ್ಪುಗಟ್ಟಿ ಆಣೆಕಲ್ಲಾಗುತ್ತದೆ. ಚಳಿಗಾಲದ ಕತ್ತಲಲ್ಲಿ ಕಂಬಳಿ ಎಳೆದರೆ ಚಟಚಟ ಕಿಡಿ ಹಾರುವುದಿಲ್ಲವೇ? ಹಾಗೆಯೇ ಆ ಕಲ್ಲುಗಳು ತಿಕ್ಕಾಡಿ ಮೋಡದಲ್ಲಿ ವಿದ್ಯುತ್ತು ಕೂಡುತ್ತದೆ. ತಡೆಯಲಾರದಷ್ಟಾದಾಗ ಜಿಗಿಯುತ್ತದೆ, ಅದು ಮಿಂಚು. ಅದರ ಕಾವಿಗೆ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು. ಬೆಳಕು ಓಡಿ ಬರುತ್ತದೆ, ಸದ್ದು ಹಿಂದಿನಿಂದ ನಡೆದು ಬರುತ್ತದೆ. ಮಿಂಚು ಎತ್ತರವಿದ್ದಲ್ಲಿಗೇ ಎರಗುವುದರಿಂದ ಎತ್ತರದ ಮರದ ಕೆಳಗೆ ಮಾತ್ರ ನಿಲ್ಲಬಾರದು.

ಇಷ್ಟು ಹೇಳುವಷ್ಟರಲ್ಲಿ ಪಡುವಣ ದಿಕ್ಕು ಕಪ್ಪಾಯಿತು. ಮೊದಲ ಗುಡುಗಿಗೇ ನಾನು ಮೇಜಿನ ಹಿಂದೆ ಸರಿದೆ. ಹನಿಯೂ ಬಿತ್ತು. ಮೊಮ್ಮಗಳು ಕಾಶವ್ವನನ್ನು ಕರೆದೊಯ್ಯಲು ಬಂದಿದ್ದ ಮುದುಕಿ ಗಂಗವ್ವ, ಅಂಗಳದ ಹುಣಸೆಮರದ ಕೆಳಗೆ ನಿಂತುಬಿಟ್ಟಳು.

“ಆಯೀ, ಅಲ್ಲಿ ನಿಂದರಬ್ಯಾಡ, ಒಳಗ ಬಾ,” ಎಂದು ಕಾಶವ್ವ ಕೂಗಿದಳು.

“ಹುಟ್ಟಿದಾಗಿಂದ ಸಾಲ್ಯಾಗ ಕಾಲಿಟ್ಟಿಲ್ಲ. ಈ ವಯಸ್ಸಿನ್ಯಾಗ ಏನ ಬರೂದು,” ಎಂದಳು ಗಂಗವ್ವ.

ಹುಡುಗಿಯರೆಲ್ಲ ನನ್ನ ಕಡೆ ನೋಡಿದರು. ಪಾಠ ಮಾಡಿದವಳು ನಾನೇ ತಾನೆ. ಸೆರಗು ತಲೆಗೆ ಹೊದ್ದು ಹೊರಗೆ ಓಡಿದೆ.

“ಗಂಗವ್ವಾರ, ಒಳಗ ಬರ್ರಿ.”

“ನನಗೇನ ಅಂಜಿಕಿಲ್ಲರಿ ಅಕ್ಕೋರ.”

“ನನಗ ಐತ್ರಿ. ನನ್ನ ಕೈ ಹಿಡದು ಒಳಗ ಬಿಡ್ರಿ.”

ಮುದುಕಿ ನನ್ನ ಮುಖ ನೋಡಿದಳು. ನಡುಗುವುದನ್ನು ನಟಿಸುವ ಅಗತ್ಯ ನನಗಿರಲಿಲ್ಲ. “ಬಾ ತಂಗಿ,” ಎಂದು ರಟ್ಟೆ ಹಿಡಿದು ನಡೆಸಿಕೊಂಡು ಬಂದಳು. ಹೊಸ್ತಿಲು ದಾಟಿ ಒಳಗೆ ಕುಳಿತಿದ್ದೆವೋ ಇಲ್ಲವೋ, ಕಣ್ಣು ಕುಕ್ಕುವ ಬೆಳಕು, ಅದರ ಬೆನ್ನಿಗೇ ಸಿಡಿಲು. ಕಣ್ಣು ಬಿಟ್ಟಾಗ ನಾನು ಗಂಗವ್ವನನ್ನು ತಬ್ಬಿಕೊಂಡಿದ್ದೆ. ಹೊರಗೆ ಹುಣಸೆಯ ದೊಡ್ಡ ಕೊಂಬೆಯೊಂದು ಸೀಳಿ ಜೋತಾಡುತ್ತಿತ್ತು, ಹೊಗೆಯಾಡುತ್ತಿತ್ತು.

ಆಮೇಲೆ ಕಾಶವ್ವ ಅಜ್ಜಿಗೆ ಪಾಠವನ್ನೆಲ್ಲ ಮೊದಲಿನಿಂದ ಒಪ್ಪಿಸಿದಳು. ಗಂಗವ್ವ ಕೇಳಿ ಯೋಚಿಸಿ, “ಅಂದ್ರ ಗುಡುಗು ಕೇಳಿಸ್ತಂದ್ರ ನಾವು ಉಳದ್ವಿ ಅಂತ ಅಲ್ರಿ?” ಎಂದಳು. ನನಗೆ ಹಾಗೆ ಹೊಳೆದೇ ಇರಲಿಲ್ಲ.

ಮಳೆ ನಿಂತ ಮೇಲೆ ಮೊಮ್ಮಗಳೊಡನೆ ಹೊರಟವಳು ಪ್ಯಾಟಿಯ ತುಂಬ ಹೇಳುತ್ತ ಹೋದಳಂತೆ: “ಅಕ್ಕೋರು ಗಿಡದ ಬುಡಕ ಅಂಜಿ ನಿಂತಿದ್ರು. ನಾನಽ ಹೋಗಿ ಒಳಗ ಬಿಟ್ಟ ಬಂದೆ.”

ಮರುದಿನ ಅಂಗಡಿಯವರೆಲ್ಲ ನನ್ನನ್ನು ಕಂಡು ನಕ್ಕರು. ನಾನು ತಿದ್ದಲು ಹೋಗಲಿಲ್ಲ. ಯಾರು ಯಾರನ್ನು ಒಳಗೆ ತಂದರೆಂಬ ಲೆಕ್ಕ ಏಕೆ? ಸಿಡಿಲು ಬಿದ್ದಾಗ ಇಬ್ಬರೂ ಒಳಗಿದ್ದೆವು.