ಸೀಟು ಖಾಲಿ ಇದ್ದರೂ

ಕಂಡಕ್ಟರ್ ಅಕ್ಕನ ಸೀಟಿನಲ್ಲಿ ಅವರ ಬುತ್ತಿಚೀಲ ಕುಳಿತಿರುತ್ತಿತ್ತು. ಅವರು ಮಾತ್ರ ಬಾಗಿಲ ಬಳಿಯ ಕಂಬಕ್ಕೆ ಸೊಂಟ ಆನಿಸಿ, ಖಾಕಿ ಅಂಗಿಯ ತೋಳು ಮಡಚಿ ನಿಂತಿರುತ್ತಿದ್ದರು. ಚಿಕ್ಕೋಡಿಯಿಂದ ಅಥಣಿಯವರೆಗೂ ಹಾಗೆಯೇ. ಜನ ಅದನ್ನು ಗತ್ತು ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಅಥಣಿಯ ಕಾಲೇಜಿನಲ್ಲಿ ಪಾಠ ಹೇಳಲು ದಿನವೂ ಅವರ ಬಸ್ಸಿಗೇ ಹೋಗುತ್ತಿದ್ದೆ. ಟಿಕೆಟ್ ಮಷಿನ್ ಆಗಷ್ಟೇ ಬಂದಿತ್ತು. ಎರಡನೇ ಹೆರಿಗೆಯಾದ ಮೇಲೆ ನನಗೆ ಮೂಲವ್ಯಾಧಿ ಶುರುವಾಗಿತ್ತು. ಬೆಳಿಗ್ಗೆ ರಕ್ತ, ಆಮೇಲೆ ದಿನವಿಡೀ ಉರಿ. ಗಂಡನಿಗೂ ಹೇಳಿರಲಿಲ್ಲ. ಮೈಗೆ ಉಷ್ಣವಾಗಿದೆ ಎಂದು ನಾನೇ ತೀರ್ಮಾನಿಸಿ, ರೊಟ್ಟಿ-ಪಲ್ಯ ಬಿಟ್ಟು ಮೊಸರನ್ನ ತಿನ್ನತೊಡಗಿದ್ದೆ. ಎಂ.ಎ. ಮಾಡಿದವಳ ಬುದ್ಧಿ ಅಷ್ಟು. ದಿನಚರಿಯಲ್ಲೂ ಮೂಲವ್ಯಾಧಿ ಎಂಬ ಪದ ಬರೆದಿಲ್ಲ. ಈಗ ತೆಗೆದು ನೋಡಿದರೆ ಆ ತಿಂಗಳುಗಳಲ್ಲಿ ಬರೀ 'ಬಸ್ಸು ತಡ', 'ಮೈ ಸರಿಯಿಲ್ಲ' ಎಂದಿದೆ. ಹಾಗಾಗಿ ಮುಂದಿನದಕ್ಕೆ ನನ್ನ ನೆನಪೊಂದೇ ಸಾಕ್ಷಿ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಕಬ್ಬಿನ ಹಂಗಾಮು. ಕೃಷ್ಣೆಯ ಸೇತುವೆಗೆ ಮುಂಚೆ ಟ್ರ್ಯಾಕ್ಟರ್ ಟ್ರೇಲರ್ ಒಂದು ಮಗುಚಿ ದಾರಿ ಕಟ್ಟಿತ್ತು. ಬಸ್ಸು ಮುಂದಕ್ಕೂ ಹೋಗದು, ಹಿಂದಕ್ಕೂ ಹೋಗದು. ಅರ್ಧ ಜನ ಇಳಿದು ನಡೆದುಹೋದರು. ಸೀಟುಗಳೆಲ್ಲ ಖಾಲಿ. ನಾನು ನಿಂತೇ ಇದ್ದೆ.

ಎದುರಿನ ಸೀಟಿನ ದಪ್ಪ ಮನುಷ್ಯ, "ನಿಂತ್ರ ಟಿಕೀಟ್ ಕಮ್ಮಿ ಐತೇನ್ರಿ ಮ್ಯಾಡಮ್?" ಎಂದು ನಕ್ಕ.

"ನಿಂದು ಡಬಲ್ ತಗೋಬೇಕಿತ್ತು ಕಾಕಾ, ಎರಡು ಸೀಟ್ ಹಿಡದಿ," ಎಂದು ಕಂಡಕ್ಟರ್ ಅಕ್ಕ ಅವನ ಬಾಯಿ ಮುಚ್ಚಿಸಿ ನನ್ನ ಬಳಿ ಬಂದರು. ದನಿ ಇಳಿಸಿ, "ರಕ್ತ ಬೀಳ್ತೈತೇನ್ರಿ?" ಎಂದರು.

ಹೀಗೆ ನೇರವಾಗಿಯೇ ಕೇಳಿದರೋ, ಸುತ್ತಿ ಬಳಸಿ ಕೇಳಿದರೋ. ನನಗೆ ನೆನಪುಳಿದಿರುವುದು ಹೀಗೆ.

"ನಾ ಮೂರು ವರ್ಷ ಆತು, ಹಿಂಗ ನಿಂತೀನಿ. ನಿಂತವರು ನನಗ ಗೊತ್ತಾಗ್ತಾರ."

ರವಿವಾರ ಒಬ್ಬನ ಹತ್ತಿರ ಹೋಗುವವಳಿದ್ದೇನೆ, ಒಂದೇ ಇಂಜೆಕ್ಷನ್ನಿಗೆ ವಾಸಿ ಮಾಡುತ್ತಾನಂತೆ, ಗೋಡೆಯ ಮೇಲೆ ಬರೆದಿತ್ತು ಎಂದೆ.

ಅವರ ಮುಖ ಬಿಗಿದುಕೊಂಡಿತು. "ಹೋಗಬ್ಯಾಡ್ರಿ. ನಾನೂ ಅಂಥಾವನ ಕಡೆನ ಹೋಗಿದ್ದೆ. ಏನ್ ಚುಚ್ಚಿದ್ನೋ, ಸುಟ್ಟಂಗಾತು. ಗಾಯ ಮಾಯ್ದು ದಾರಿನ ಬಿಗದ ಹೋತು. ದೊಡ್ಡ ದವಾಖಾನ್ಯಾಗ ಕೊಯ್ದು ಅಗಲ ಮಾಡ್ಯಾರ. ಆದ್ರೂ ಮುಂಜಾನೆ ಸಂಡಾಸಕ್ಕ ಹೋಗೂದಂದ್ರ ಹೆರಿಗಿ ಆದಂಗ."

"ಗಂಡಸ ಡಾಕ್ಟರ್ ಮುಂದ ಹೆಂಗ ತೋರಸ್ಲಿ ಅಕ್ಕಾ?"

"ಹೆಣ್ಣ ಡಾಕ್ಟರ್ ಅದಾರ. ಸೋಮವಾರ ನನಗ ಸೂಟಿ. ಕೈ ಹಿಡದ ಕರ್ಕೊಂಡ ಹೋಗ್ತೀನಿ. ಓಡಿಹೋದ್ರ ನೋಡ್ರಿ ಮತ್ತ."

ಹೋದೆವು. ಪರದೆಯ ಆಚೆ ನಿಂತು ಅವರು, "ಉಸಿರು ಬಿಡ್ರಿ ಮ್ಯಾಡಮ್, ಉಸಿರು ಬಿಡ್ರಿ," ಎನ್ನುತ್ತಿದ್ದರು. ಡಾಕ್ಟರು ಪರೀಕ್ಷಿಸಿ, ಮೂಲವ್ಯಾಧಿಯೇ ಎಂದರು. ರಕ್ತ ಬಿದ್ದದ್ದೆಲ್ಲ ಅದೇ ಎಂದು ತಿಳಿಯಬಾರದು, ಬೇರೆ ರೋಗವೂ ಇರಬಹುದು, ಅದಕ್ಕೇ ತೋರಿಸಬೇಕು ಎಂದೂ ಹೇಳಿದರು. ನನ್ನ ಮೊಸರನ್ನದ ಕತೆ ಕೇಳಿ ನಕ್ಕರು. "ರೊಟ್ಟಿ, ಸೊಪ್ಪು ಬಿಟ್ಟದ್ದಕ್ಕ ಇನ್ನೂ ಗಟ್ಟಿ ಆಗೇದ. ತಿನ್ರಿ. ನೀರ ಕುಡೀರಿ, ತಿಣುಕಬ್ಯಾಡ್ರಿ, ಬೆಚ್ಚಗಿನ ನೀರಾಗ ಕುಂದರ್ರಿ." ಅಷ್ಟಕ್ಕೂ ರಕ್ತ ನಿಲ್ಲದಿದ್ದಾಗ ಮೂಲವ್ಯಾಧಿಯ ಗಂಟಿನ ಬುಡಕ್ಕೆ ಸಣ್ಣದೊಂದು ರಬ್ಬರ್ ಬ್ಯಾಂಡ್ ಹಾಕಿದರು. ಎರಡು ತಿಂಗಳಲ್ಲಿ ನಾನು ಬಸ್ಸಿನಲ್ಲಿ ಕುಳಿತೆ.

ಅವರು ನಿಂತೇ ಇದ್ದರು. ಒಂದು ದಿನ ನನ್ನ ನೀರಿನ ಬಾಟಲಿ ಚಾಚಿ, "ನೀವೂ ಕುಡೀರಿ ಅಕ್ಕಾ, ಡಾಕ್ಟರ್ ಹೇಳಿದ್ದು ಇಬ್ಬರಿಗೂನ," ಎಂದೆ.

"ಕುಡದು ಎಲ್ಲಿ ಹೋಗ್ಲಿ? ಮುಂಜಾನೆ ಮನಿ ಬಿಟ್ಟರ ಸಂಜಿಗೇ ಮನಿ. ದಾರ್ಯಾಗಿನ ಸಂಡಾಸಕ್ಕ ಚಿಲಕ ಇಲ್ಲ, ನೀರಿಲ್ಲ. ನೀವ ಹೇಳ್ರಿ."

ನಾನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ. ಅವರು ನಕ್ಕು, ಸೀಟಿ ಊದಿ, ಹಿಂದಿನ ಸೀಟುಗಳ ಕಡೆ ಹೋದರು.

ಮರುವರ್ಷ ಅವರಿಗೆ ಬೇರೆ ಡಿಪೋಗೆ ವರ್ಗವಾಯಿತು. ಆಮೇಲೆ ಕಾಣಲಿಲ್ಲ. ಅಥಣಿಯಲ್ಲಿ ಅವರ ಬಸ್ಸು ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ನಮ್ಮ ಕಾಲೇಜು ಅಲ್ಲಿಂದ ಐದು ನಿಮಿಷದ ಹಾದಿ. ಮಹಿಳಾ ಸಿಬ್ಬಂದಿಯ ಕೋಣೆಯಲ್ಲಿ ನೀರಿರುವ, ಚಿಲಕವಿರುವ ಶೌಚಾಲಯ. ಆ ಕೋಣೆಯ ಒಂದು ಕೀಲಿ ನನ್ನ ಚೀಲದಲ್ಲೇ ಇರುತ್ತಿತ್ತು. ನನ್ನನ್ನು ಕೈಹಿಡಿದು ಕರೆದೊಯ್ದವರಿಗೆ 'ನಮ್ಮಲ್ಲಿಗೆ ಬರ್ರಿ' ಎನ್ನುವುದು ಆ ವರ್ಷವಿಡೀ ಹೊಳೆಯಲಿಲ್ಲ. ಹೊಳೆದೂ ಸುಮ್ಮನಿದ್ದೆನೇನೋ. ಅದೊಂದನ್ನು ಮಾತ್ರ ನೆನಪು ಹೇಳುತ್ತಿಲ್ಲ.