ವಿಡಾಪ್ಪಿಡಿ

ಮದುರೆಯ ಅಂಗಯರ್ಕಣ್ಣಿಗೆ ಅವಳ ಪಾಟಿ, ಎಂದರೆ ಅಜ್ಜಿ, ಇಟ್ಟ ಇನ್ನೊಂದು ಹೆಸರು ವಿಡಾಪ್ಪಿಡಿ. ಹಿಡಿದದ್ದನ್ನು ಬಿಡದ ಮೊಂಡಿ ಎಂದರ್ಥ. ಬಳೆ ಬೇಕೆನಿಸಿದರೆ ಪುದುಮಂಟಪದ ಅಂಗಡಿಸಾಲಿನ ಕಂಬ ತಬ್ಬಿಕೊಂಡು ನಿಂತುಬಿಡುತ್ತಿದ್ದಳಂತೆ. ಮದುವೆಯಾದ ಮೇಲೆ ಗಂಡನ ಕಿವಿಗೂ ಆ ಹೆಸರು ಯಾರೋ ಊದಿದರು. ಅವನು ತಮಾಷೆಗೇ ಕರೆಯುತ್ತಿದ್ದ, ಆದರೂ ಅವಳಿಗೆ ಚುಚ್ಚುತ್ತಿತ್ತು. ಗಂಡಸು ಹಟ ಹಿಡಿದರೆ ಗಟ್ಟಿಗ, ಹೆಂಗಸು ಹಿಡಿದರೆ ಮೊಂಡಿ. ಲೋಕದ ಈ ನ್ಯಾಯಕ್ಕೆ ಬೆಂಕಿ ಬೀಳಲಿ.

ಚೆನ್ನೈನ ತರಮಣಿಯಲ್ಲಿ, ಗರಗಸ ಮಂಡಲ ಹಾವಿನ ವಿಷಕ್ಕೆ ಮದ್ದು ಹುಡುಕುವ ತಂಡಕ್ಕೆ ಅವಳೇ ಮುಖ್ಯಸ್ಥೆ. ಕೊನೆಯ ಸುತ್ತಿಗೆ ಎರಡು ಪ್ರತಿಕಾಯಗಳು ಉಳಿದಿದ್ದವು, ಮೂರನೆಯದು ಮತ್ತು ಏಳನೆಯದು. ಎರಡೂ ವಿಷದ ಪ್ರೊಟೀನನ್ನು ಗಬಕ್ಕನೆ ಹಿಡಿಯುತ್ತಿದ್ದವು. ಆದರೆ ಹಿಡಿದದ್ದನ್ನು ನಡುದಾರಿಯಲ್ಲಿ ಬಿಟ್ಟರೆ, ಹುಷಾರಾದನೆಂದು ಮನೆಗೆ ಕಳಿಸಿದವನ ರಕ್ತ ಮತ್ತೆ ಕೆಡುತ್ತದೆ. ಅದನ್ನು ಅಳೆಯುವ ಯಂತ್ರ ಕೊಳ್ಳಬೇಕಿತ್ತು. ಸಿಗುವ ಎರಡು ಬಗೆಯಲ್ಲಿ ಒಂದೇ ಒಂದು.

ನಿರ್ದೇಶಕ ಇಳಂಗೋವನ್ ಅವರ ಮನಸ್ಸು ಅದ್ದುವ ಯಂತ್ರದ ಮೇಲಿತ್ತು. ಕಡ್ಡಿಗಳನ್ನು ಗುಳಿಗಳಲ್ಲಿ ಅದ್ದಿ, ಎಂಟು ಮಾದರಿಗಳನ್ನು ಒಟ್ಟಿಗೆ ಅಳೆದು ಬಿಸಾಕುತ್ತಿತ್ತು ಅದು. ಇನ್ನೊಂದರಲ್ಲಿ ಕೂದಲೆಳೆಯಂಥ ಕೊಳವೆಯೊಳಗೆ ದ್ರವ ಸದಾ ಹರಿಯುತ್ತಿರಬೇಕು. ನಿಧಾನ, ತೊಳೆದು ಕಾಪಾಡುವುದೂ ರೇಜಿಗೆ. ಪ್ರತಿಕಾಯಗಳಲ್ಲಿ ಅವರಿಗೆ ಮೂರನೆಯದೇ ಮೆಚ್ಚು, ಬೇಗ ಹಿಡಿಯುತ್ತದೆಂದು. ಎರಡೂ ಯಂತ್ರಗಳನ್ನು ಮಾರುವ ಕದಿರವನ್ ಹಣೆಗೆ ವಿಭೂತಿ ಬಳಿದುಕೊಂಡು ಬಂದು, ಅಕ್ಕಪಕ್ಕದಲ್ಲಿಟ್ಟು ಪರೀಕ್ಷೆ ಶುರುಮಾಡಿದ.

ಪ್ರತಿಕಾಯಗಳಿಗೆ ವಿಷ ಹಿಡಿಸಿ ಹತ್ತು ನಿಮಿಷವಾಯಿತು. ಹಿಡಿತ ಬಿಟ್ಟರೆ ಗೆರೆ ಕೆಳಗೆ ಜಾರಬೇಕು; ಪರದೆಯ ಮೇಲೆ ಗೆರೆಗಳೆಲ್ಲ ಮಲಗಿದ ಹಾಗೆ ಮಟ್ಟಸವಾಗಿದ್ದವು.

"ಎರಡು ಯಂತ್ರವೂ ಒಂದೇ ಹೇಳ್ತಿವೆ. ವೇಗದ್ದನ್ನೇ ತಗೊಳ್ಳೋಣಮ್ಮ," ಎಂದರು ಇಳಂಗೋವನ್.

"ಹಿಡಿದದ್ದು ನೋಡಿದ್ವಿ ಸಾರ್. ಬಿಡೋದನ್ನ ಇನ್ನೂ ನೋಡಿಲ್ಲ."

"ಎಲ್ಲರೂ ಇಷ್ಟಕ್ಕೇ ನಿಲ್ಲಿಸ್ತಾರೆ ಮೇಡಮ್," ಎಂದು ಕದಿರವನ್ ನಿಲ್ಲಿಸುವ ಗುಂಡಿಯತ್ತ ಕೈಚಾಚಿದ.

"ಹಾವು ಕಚ್ಚಿದವನು ಹತ್ತು ನಿಮಿಷಕ್ಕೇ ವಿಷ ಮರೀತಾನಾ ತಂಬಿ? ಕೈ ತೆಗಿ."

ಅವನು ತೆಗೆದ. ಅವಳು ಸ್ಟೂಲೆಳೆದು ಯಂತ್ರಗಳ ಮುಂದೆ ಕೂತಳು. ಉಳಿದವರು ಊಟಕ್ಕೆ ಹೋದರು; ಹೋಗುವಾಗ ಯಾರೋ ಕಿಸಕ್ಕೆಂದದ್ದು ಅವಳಿಗೆ ಕೇಳಿಸಿತು. ಡಬ್ಬಿಯ ಪುಳಿಯೋದರೈ ತಣ್ಣಗಾಯಿತು. ಒಂದು ಗಳಿಗೆ ಅವಳಿಗೇ ದಿಗಿಲಾಯಿತು, ಇದು ಬರಿಯ ಮೊಂಡುತನವೇ ಇರಬಹುದೇ ಎಂದು.

ಅವರು ಕೈತೊಳೆದು ಬರುವ ಹೊತ್ತಿಗೆ ಪರದೆಯ ಕಥೆಯೇ ಬೇರೆಯಾಗಿತ್ತು. ಅದ್ದುವ ಯಂತ್ರದಲ್ಲಿ ಗುಳಿಯ ನೀರು ಆರುತ್ತಾ ಬಂದು ಗೆರೆಗಳು ತಮಗೆ ತೋಚಿದಂತೆ ಓಲಾಡುತ್ತಿದ್ದವು. ಬಿಟ್ಟ ವಿಷ ನಿಂತ ನೀರಿನಲ್ಲೇ ಸುಳಿದು ಮತ್ತೆ ಅಂಟಿಕೊಳ್ಳುತ್ತಿದ್ದರಿಂದ ಯಾವುದು ಬಿಟ್ಟಿತು, ಯಾವುದು ಹಿಡಿದಿದೆ, ಒಂದೂ ತಿಳಿಯದು. ಹರಿಯುವ ಯಂತ್ರದಲ್ಲಿ ಬಿಟ್ಟದ್ದೆಲ್ಲ ಕೊಚ್ಚಿಹೋಗಿತ್ತು. ಅಲ್ಲಿ ಮೂರನೆಯದರ ಗೆರೆ ಅರ್ಧಕ್ಕೆ ಜಾರಿತ್ತು. ಏಳನೆಯದು ಕದಲಿರಲಿಲ್ಲ.

ಇಳಂಗೋವನ್ ಕನ್ನಡಕ ಒರೆಸಿ ಎರಡೆರಡು ಸಲ ನೋಡಿದರು. ಮೂರನೆಯದನ್ನು ರೋಗಿಗಳಿಗೆ ಕೊಟ್ಟುಬಿಡುತ್ತಿದ್ದೆವಲ್ಲ ಎಂದು ಮೆಲ್ಲಗೆ ಅಂದರು. ಹರಿಯುವ ಯಂತ್ರವನ್ನೇ ತರಿಸೋಣ ಎಂದು ಅಲ್ಲೇ ಹೇಳಿ, "ಈ ಏಳಕ್ಕೆ ಹೆಸರು ನೀವೇ ಇಡಿಯಮ್ಮ," ಎಂದರು.

"ವಿಡಾಪ್ಪಿಡಿ."

"ಅದು ಬೈಗುಳ ಅಲ್ವಾ?"

"ಇಷ್ಟು ದಿನ ನಾನೂ ಹಾಗೇ ಅಂದ್ಕೊಂಡಿದ್ದೆ ಸಾರ್," ಎಂದಳು ಅಂಗಯರ್ಕಣ್ಣಿ. ಪುಳಿಯೋದರೈ ಡಬ್ಬಿ ತೆರೆದು, ಅವರೆಲ್ಲರ ಎದುರಿಗೇ ತಿನ್ನತೊಡಗಿದಳು. ಅಷ್ಟು ರುಚಿಯಾದ ಊಟ ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಸಂಜೆ ಗಂಡ ಫೋನು ಮಾಡಿ ಎಂದಿನಂತೆ, "ಏನು ಮಾಡ್ತಿದೆ ನಮ್ಮ ವಿಡಾಪ್ಪಿಡಿ?" ಎಂದು ಕೇಳಿದ.

"ಯಾರನ್ನ ಕೇಳ್ತಿದ್ದೀರಿ?" ಎಂದಳು ಅವಳು. "ನನ್ನನ್ನೋ, ನನ್ನ ಔಷಧಾನೋ?"